ಮನುಷ್ಯನೇ ಆಸ್ತಿಯಾಗಿದ್ದಾಗ: ಹಕ್ಕುಗಳ ಘೋಷಣೆ ಮತ್ತು ಹೈಟಿಯ ಕ್ರಾಂತಿ

1789ರ ಆಗಸ್ಟ್ 26ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ಒಪ್ಪಿಕೊಂಡ ಮಾನವ ಹಕ್ಕುಗಳ ಘೋಷಣೆ ತೀರಾ ಚಿಕ್ಕದು. ಇರುವುದು ಹದಿನೇಳೇ ಕಲಮು. ಮೊದಲನೆಯದು ಎಲ್ಲರಿಗೂ ಗೊತ್ತು: ಮನುಷ್ಯರು ಹುಟ್ಟಿನಿಂದ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು, ಹಾಗೆಯೇ ಉಳಿಯುತ್ತಾರೆ. ಹದಿನೇಳನೆಯದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಆಸ್ತಿಯ ಹಕ್ಕು ಪವಿತ್ರ, ಅದನ್ನು ಯಾರಿಂದಲೂ ಕಿತ್ತುಕೊಳ್ಳುವಂತಿಲ್ಲ. ಸಾರ್ವಜನಿಕ ಅಗತ್ಯಕ್ಕೆ ತೆಗೆದುಕೊಳ್ಳಲೇಬೇಕಾಗಿ ಬಂದರೆ ನ್ಯಾಯವಾದ ಪರಿಹಾರವನ್ನು ಮುಂಚಿತವಾಗಿ ಕೊಡಬೇಕು ಎನ್ನುತ್ತದೆ ಅದು.

ಫ್ರಾನ್ಸಿನಲ್ಲಿ ಕೂತು ಓದಿದರೆ ಎರಡಕ್ಕೂ ತಕರಾರಿಲ್ಲ. ಆದರೆ ಅದೇ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಕೆರಿಬಿಯನ್ ಸಮುದ್ರದ ಸಾಂ ದೊಮಾಂಗ್‌ನಲ್ಲಿ ಸುಮಾರು ಐದು ಲಕ್ಷ ಜನ ಕಾನೂನಿನ ಪ್ರಕಾರವೇ ಆಸ್ತಿಯಾಗಿದ್ದರು. ಅವರನ್ನು ಒಂದನೇ ಕಲಮಿನ ‘ಮನುಷ್ಯರು’ ಎಂಬ ಮಾತಿನೊಳಗೆ ಸೇರಿಸಿಕೊಂಡರೆ ಹದಿನೇಳನೇ ಕಲಮು ಮುರಿಯುತ್ತದೆ. ಹದಿನೇಳನ್ನು ಕಾಪಾಡಿದರೆ ಒಂದನೆಯದು ಸುಳ್ಳಾಗುತ್ತದೆ. ಇಂದಿನ ಹೈಟಿ ದೇಶ ಹುಟ್ಟಿದ್ದು ಈ ಸಿಕ್ಕಿನಿಂದ. ಅಮೆರಿಕದ ಕ್ರಾಂತಿ, ಫ್ರಾನ್ಸಿನ ಕ್ರಾಂತಿ ಎಂದು ಪುಟಗಟ್ಟಲೆ ಬರೆದು, ಕೊನೆಗೆ ಹೈಟಿಯನ್ನು ಒಂದು ಪ್ಯಾರಾದಲ್ಲಿ ಮುಗಿಸುವ ರೂಢಿ ನಮ್ಮ ಪಠ್ಯಪುಸ್ತಕಗಳಿಗೂ ಬಂದಿದೆ. ಆದರೆ ಜ್ಞಾನೋದಯ ಯುಗದ ದೊಡ್ಡ ಮಾತುಗಳನ್ನು ಒರೆಗೆ ಹಚ್ಚಿದ ಜಾಗ ಇದೇ.

ಆ ಕಾಲದ ಯೂರೋಪಿನ ಬರಹಗಳಲ್ಲಿ ‘ಗುಲಾಮಗಿರಿ’ ಎಂಬ ಪದ ಧಾರಾಳವಾಗಿ ಸಿಗುತ್ತದೆ. ಬಹುಪಾಲು ಕಡೆ ಅದು ಬರೀ ಉಪಮೆ, ರಾಜರ ದಬ್ಬಾಳಿಕೆಗೆ ಕೊಟ್ಟ ಹೆಸರು. ಜೀವ, ಸ್ವಾತಂತ್ರ್ಯ, ಆಸ್ತಿ ಮೂರೂ ಸಹಜ ಹಕ್ಕು ಎಂದ ಜಾನ್ ಲಾಕ್ ಆಫ್ರಿಕದ ಗುಲಾಮ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಇಟ್ಟಿದ್ದವರು. ಸಾಂ ದೊಮಾಂಗ್‌ನ ಬಿಳಿಯ ತೋಟದ ಧಣಿಗಳಂತೂ, ಫ್ರಾನ್ಸಿಗೆ ಮಾತ್ರ ಸಕ್ಕರೆ ಮಾರಬೇಕೆಂಬ ವ್ಯಾಪಾರದ ನಿಯಮವನ್ನೇ ತಮ್ಮ ಪಾಲಿನ ದಾಸ್ಯ ಎಂದು ದೂರುತ್ತಿದ್ದರು.

ಆಲೆಮನೆಯೊಳಗೆ

ಸಾಂ ದೊಮಾಂಗ್ ಎಂದರೆ ಹಿಸ್ಪಾನಿಯೋಲ ದ್ವೀಪದ ಪಶ್ಚಿಮದ ಮೂರನೇ ಒಂದು ಭಾಗ. 1697ರ ಒಪ್ಪಂದದಲ್ಲಿ ಸ್ಪೇನ್ ಇದನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟಿತ್ತು. ವಿಸ್ತೀರ್ಣ ಕರ್ನಾಟಕದ ಏಳನೇ ಒಂದು ಪಾಲು. ಇಷ್ಟು ಜಾಗದಲ್ಲಿ 1789ರ ಹೊತ್ತಿಗೆ ಸುಮಾರು 800 ಸಕ್ಕರೆ ತೋಟಗಳು, ಸಾವಿರಾರು ನೀಲಿ ಮತ್ತು ಕಾಫಿ ತೋಟಗಳು ಇದ್ದವು. ಯೂರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ. 40, ಜಗತ್ತಿನ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಹೋಗುತ್ತಿತ್ತು.

ಕ್ರಾಂತಿ ಇಲ್ಲೇ ಏಕೆ ಆಯಿತು ಎಂದು ತಿಳಿಯಲು ಸಕ್ಕರೆ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಡಿದ ಕಬ್ಬನ್ನು ಹೆಚ್ಚುಕಡಿಮೆ ಒಂದು ದಿನದೊಳಗೆ ಅರೆಯದಿದ್ದರೆ ಹಾಲು ಹುಳಿಯುತ್ತದೆ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಕೊಯ್ಲಿನ ತಿಂಗಳುಗಳಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನೆಟ್ಟಗೆ ನಿಲ್ಲಿಸಿದ ಮೂರು ಉರುಳೆಗಳು, ತಿರುಗಿಸಲು ಹೇಸರಗತ್ತೆ, ಎತ್ತು ಅಥವಾ ನೀರು. ಒಂದು ಬದಿಯಲ್ಲಿ ನಿಂತವರು ಕಬ್ಬು ಕೊಡಬೇಕು, ಆ ಬದಿಯವರು ಅದನ್ನು ಎರಡನೇ ಜೋಡಿ ಉರುಳೆಯ ಮೂಲಕ ವಾಪಸು ತಳ್ಳಬೇಕು. ರಾತ್ರಿಪಾಳಿಯಲ್ಲಿ ತೂಕಡಿಸಿ ಬೆರಳು ಸಿಕ್ಕಿಕೊಂಡರೆ ಉರುಳೆ ಇಡೀ ತೋಳನ್ನೇ ಎಳೆದುಕೊಳ್ಳುತ್ತಿತ್ತು. ಗಾಣವನ್ನು ತಟ್ಟನೆ ನಿಲ್ಲಿಸಲು ಆಗದ ಕಾರಣ, ತೋಳು ಕಡಿಯಲೆಂದೇ ಪಕ್ಕದಲ್ಲಿ ಕೊಡಲಿ ಇಡುತ್ತಿದ್ದರು. ಬಿಳಿಯರಿಗೆ ವಿಷವಿಕ್ಕುವ ಸಂಚು ಹೂಡಿದನೆಂದು 1758ರಲ್ಲಿ ಜೀವಂತ ಸುಡಲ್ಪಟ್ಟ ಮಕಂದಾಲ್ ಕೈ ಕಳೆದುಕೊಂಡದ್ದೂ ಗಾಣದಲ್ಲೇ ಎಂದು ಹೇಳುತ್ತಾರೆ.

ಹಿಂಡಿದ ಹಾಲು ಸಾಲಾಗಿ ಕೂರಿಸಿದ ಕೊಪ್ಪರಿಗೆಗಳಿಗೆ ಹೋಗುತ್ತದೆ. ಮೊದಲನೆಯದು ದೊಡ್ಡದು, ಮುಂದಿನದು ಒಂದಕ್ಕಿಂತ ಒಂದು ಚಿಕ್ಕದು. ಸುಣ್ಣ ಹಾಕಿ ಮಡ್ಡಿ ತೆಗೆಯುತ್ತಾ, ಸೌಟಿನಿಂದ ಮುಂದಿನ ಕೊಪ್ಪರಿಗೆಗೆ ಎತ್ತಿ ಹೊಯ್ಯುತ್ತಾ ಪಾಕವನ್ನು ಹದಕ್ಕೆ ತರಬೇಕು. ಸುಣ್ಣ ಹೆಚ್ಚಾದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಹರಳು ಕಟ್ಟುವುದಿಲ್ಲ. ಹದ ನೋಡುವ ಪಾಕದವನೂ ಗುಲಾಮನೇ, ಆದರೆ ತೋಟದ ಇಡೀ ವರ್ಷದ ಲಾಭ ನಿಂತದ್ದು ಅವನ ಕಣ್ಣಿನ ಮೇಲೆ. ಆಮೇಲೆ ತಳದಲ್ಲಿ ತೂತಿರುವ ಗೋಪುರದಾಕಾರದ ಮಣ್ಣಿನ ಮಡಕೆಗೆ ಸುರಿದು, ಮೇಲೆ ಹಸಿ ಜೇಡಿಮಣ್ಣು ಮೆತ್ತುತ್ತಿದ್ದರು. ಜೇಡಿಯ ನೀರು ಮೆಲ್ಲಗೆ ಇಳಿದು ಕಾಕಂಬಿಯನ್ನು ತೊಳೆದುಕೊಂಡು ಹೋಗುತ್ತದೆ; ವಾರಗಟ್ಟಲೆ ಬಿಟ್ಟರೆ ಬಿಳಿ ಸಕ್ಕರೆ. ಇದಕ್ಕೆ ಕಚ್ಚಾ ಸಕ್ಕರೆಗಿಂತ ಹೆಚ್ಚು ಬೆಲೆ.

ಅಂದರೆ ಇದು ಹೊಲವೂ ಹೌದು, ಕಾರ್ಖಾನೆಯೂ ಹೌದು. ದೊಡ್ಡ ತೋಟವೊಂದರಲ್ಲಿ ಇನ್ನೂರು ಜನ ಪಾಳಿಯಂತೆ, ಮೇಸ್ತ್ರಿಯ ಕೂಗಿಗೆ ತಕ್ಕಂತೆ, ಒಟ್ಟಾಗಿ ದುಡಿಯುವುದನ್ನು ಕಲಿತಿದ್ದರು. ಸಾವು ಹುಟ್ಟಿಗಿಂತ ಹೆಚ್ಚಿದ್ದುದರಿಂದ 1780ರ ದಶಕದ ಕೊನೆಗೆ ವರ್ಷಕ್ಕೆ 30,000ಕ್ಕೂ ಹೆಚ್ಚು ಹೊಸಬರನ್ನು ಆಫ್ರಿಕದಿಂದ ಹಡಗಿನಲ್ಲಿ ತರುತ್ತಿದ್ದರು. ಕ್ರಾಂತಿಯ ಹೊತ್ತಿಗೆ ಗುಲಾಮರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಆಫ್ರಿಕದಲ್ಲಿ. ಕಾಂಗೊ ರಾಜ್ಯದ ಅಂತರ್ಯುದ್ಧದಲ್ಲಿ ಸೆರೆಸಿಕ್ಕಿ ಬಂದವರಿಗೆ ಬಂದೂಕು ಹಿಡಿದು ಗೊತ್ತಿತ್ತು.

ಕಾನೂನಿನ ಕೂದಲು ಸೀಳಾಟ

1685ರಲ್ಲಿ ಹದಿನಾಲ್ಕನೇ ಲೂಯಿ ಹೊರಡಿಸಿದ ‘ಕೋಡ್ ನುವಾರ್’, ಅಂದರೆ ಕರಿಯರ ಕಾನೂನು, ಇನ್ನೂ ಜಾರಿಯಲ್ಲಿತ್ತು. ಅದರ 44ನೇ ಕಲಮು ಗುಲಾಮರನ್ನು ಚರಾಸ್ತಿ ಎನ್ನುತ್ತದೆ. 38ನೇ ಕಲಮಿನ ಪ್ರಕಾರ ಒಂದು ತಿಂಗಳು ಓಡಿಹೋಗಿದ್ದವನ ಕಿವಿ ಕತ್ತರಿಸಿ ಭುಜಕ್ಕೆ ಬರೆ. ಎರಡನೇ ಸಲಕ್ಕೆ ಮೊಣಕಾಲ ಹಿಂದಿನ ನರ ಕಡಿದು ಇನ್ನೊಂದು ಭುಜಕ್ಕೆ ಬರೆ. ಮೂರನೇ ಸಲ ಮರಣದಂಡನೆ. ಇದೇ ಕಾನೂನಿನ 59ನೇ ಕಲಮು ಮಾತ್ರ, ಬಿಡುಗಡೆಯಾದವರಿಗೆ ಹುಟ್ಟಾ ಸ್ವತಂತ್ರರಾದವರಷ್ಟೇ ಹಕ್ಕು ಕೊಟ್ಟಿತ್ತು. ಮುಂದೆ ಇದೊಂದು ಸಾಲು ದೊಡ್ಡ ಗಲಾಟೆಗೆ ಕಾರಣವಾಯಿತು.

ಏಕೆಂದರೆ ವಸಾಹತಿನಲ್ಲಿ ಸುಮಾರು 30,000 ಬಿಳಿಯರ ಜೊತೆಗೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಕರಿಯ ಮತ್ತು ಮಿಶ್ರವರ್ಣದ ಸ್ವತಂತ್ರರಿದ್ದರು. ಅವರಲ್ಲಿ ಹಲವರು ತೋಟದ ಧಣಿಗಳು, ಸ್ವತಃ ಗುಲಾಮರ ಒಡೆಯರು. ಆಸ್ತಿಯಲ್ಲಿ ಬಡ ಬಿಳಿಯರಿಗಿಂತ ಮೇಲು, ಮಾನದಲ್ಲಿ ಕೆಳಗೆ. ನಮ್ಮ ಓದುಗರಿಗೆ ಈ ಏರ್ಪಾಡು ಹೊಸದೇನಲ್ಲ.

ಬಿಳಿಯ ಧಣಿಗಳು ರಾಷ್ಟ್ರೀಯ ಸಭೆಯಲ್ಲಿ ಸ್ಥಾನ ಕೇಳುವಾಗ ವಸಾಹತಿನ ಇಡೀ ಜನಸಂಖ್ಯೆಯನ್ನು ಲೆಕ್ಕಕ್ಕೆ ತಂದರು. ಗುಲಾಮರನ್ನು ಎಣಿಸುವುದಾದರೆ ನಮ್ಮ ಕುದುರೆ ಹೇಸರಗತ್ತೆಗಳನ್ನೂ ಎಣಿಸಬೇಕಾಗುತ್ತದಲ್ಲ ಎಂದು ಸಭೆಯ ಸದಸ್ಯ ಮಿರಾಬೊ ಕುಟುಕಿದ. ಕೊನೆಗೆ ಸಿಕ್ಕಿದ್ದು ಆರು ಸ್ಥಾನ. 1790ರ ಮಾರ್ಚ್‌ನಲ್ಲಿ ಹೊರಟ ಸೂಚನೆಯಲ್ಲಿ, 25 ವರ್ಷ ತುಂಬಿದ, ಆಸ್ತಿ ಇರುವ ‘ಎಲ್ಲ ವ್ಯಕ್ತಿಗಳಿಗೆ’ ಮತದಾನ ಎಂದಿತ್ತು. ಮಿಶ್ರವರ್ಣದವರು ವ್ಯಕ್ತಿಗಳೋ ಅಲ್ಲವೋ? ಸಭೆ ಬಾಯಿ ಬಿಡಲಿಲ್ಲ. ಹೌದು ಎಂದು ಅರ್ಥ ಮಾಡಿಕೊಂಡ, ಆಗ ಪ್ಯಾರಿಸ್ಸಿನಲ್ಲಿದ್ದ ಮಿಶ್ರವರ್ಣದ ವಿನ್ಸೆಂಟ್ ಓಜೆ ಅಕ್ಟೋಬರ್‌ನಲ್ಲಿ ಊರಿಗೆ ಮರಳಿ, ಕೆಲವು ನೂರು ಜನರನ್ನು ಕಟ್ಟಿಕೊಂಡು ಬಂಡೆದ್ದ. ಅವನ ಬೇಡಿಕೆಯಲ್ಲಿ ಗುಲಾಮರ ಬಿಡುಗಡೆ ಇರಲಿಲ್ಲ ಎಂಬುದನ್ನು ಮರೆಯಬಾರದು. 1791ರ ಫೆಬ್ರವರಿಯಲ್ಲಿ ಲ ಕ್ಯಾಪ್ ಪಟ್ಟಣದ ಚೌಕದಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು.

ಆ ಸುದ್ದಿಗೆ ಪ್ಯಾರಿಸ್ ಬೆಚ್ಚಿತು. 1791ರ ಮೇ 15ರಂದು, ತಂದೆ ತಾಯಿ ಇಬ್ಬರೂ ಸ್ವತಂತ್ರರಾಗಿದ್ದವರಿಗೆ ಮಾತ್ರ ಹಕ್ಕು ಎಂಬ ಅರೆಬರೆ ಕಾಯಿದೆ ಬಂತು. ಇದರ ಲಾಭ ಸಿಗುತ್ತಿದ್ದದ್ದು ಅಲ್ಪ ಮಂದಿಗೆ. ಬಿಳಿಯರಿಗೆ ಅದೂ ಸಹಿಸಲಿಲ್ಲ. ಸೆಪ್ಟೆಂಬರ್ 24ರಂದು ಸಭೆ ಅದನ್ನೂ ಹಿಂತೆಗೆದುಕೊಂಡಿತು. ಆ ಮತ ಹಾಕುವಾಗ ಅವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅಟ್ಲಾಂಟಿಕ್ ದಾಟಿ ಸುದ್ದಿ ಬರಲು ಆಗ ಒಂದೂವರೆ ಎರಡು ತಿಂಗಳು ಬೇಕಿತ್ತು, ಸಾಂ ದೊಮಾಂಗ್ ಉರಿಯತೊಡಗಿ ಆಗಲೇ ಒಂದು ತಿಂಗಳು ದಾಟಿತ್ತು.

ಗಾಣಕ್ಕೆ ಬಿದ್ದ ಬೆಂಕಿ

1791ರ ಆಗಸ್ಟ್ 14ರ ಭಾನುವಾರ ಉತ್ತರದ ಬಯಲಿನ ತೋಟಗಳ ಪ್ರತಿನಿಧಿಗಳು ಗುಟ್ಟಾಗಿ ಸೇರಿದರು. ಸೇರಿದವರಲ್ಲಿ ಮೇಸ್ತ್ರಿಗಳು, ಗಾಡಿ ಹೊಡೆಯುವವರು ಮುಖ್ಯ. ಒಡೆಯನ ನಂಬಿಕೆ ಗಳಿಸಿ, ತೋಟದಿಂದ ತೋಟಕ್ಕೆ ಓಡಾಡಲು ಅಪ್ಪಣೆ ಇದ್ದವರು ಇವರೇ. ಬೂಕ್‌ಮನ್ ಮುಂದಾಳು. ಆಗಸ್ಟ್ 22ರ ರಾತ್ರಿ ದಂಗೆ ಶುರುವಾಯಿತು. ಒಡೆಯರ ಮನೆಗಳ ಜೊತೆಗೇ ಗಾಣ, ಕೊಪ್ಪರಿಗೆ ಮನೆ, ಒಲೆಗೆಂದು ಒಣಗಿಸಿಟ್ಟ ಕಬ್ಬಿನ ಸಿಪ್ಪೆಯ ಕೊಟ್ಟಿಗೆಗಳಿಗೆ ಬೆಂಕಿ ಬಿತ್ತು. ಎಲ್ಲಿ ಹಚ್ಚಿದರೆ ಮತ್ತೆ ಕಟ್ಟಲು ವರ್ಷಗಳು ಬೇಕೆಂಬುದು ಅಲ್ಲಿ ದುಡಿದವರಿಗಲ್ಲದೆ ಇನ್ನಾರಿಗೆ ಗೊತ್ತು? ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಬೂದಿಯಾದವು.

ಪ್ಯಾರಿಸ್ಸಿನ ಘೋಷಣೆ ಓದಿ ಗುಲಾಮರು ದಂಗೆ ಎದ್ದರು ಎಂದು ಚುಟುಕಾಗಿ ಹೇಳಿಬಿಡುವುದುಂಟು. ಅದು ಅರ್ಧ ಸತ್ಯ. ದಂಗೆಕೋರರಲ್ಲಿ ಹಬ್ಬಿದ್ದ ಸುದ್ದಿ ಬೇರೆಯೇ: ರಾಜ ವಾರಕ್ಕೆ ಮೂರು ದಿನ ಬಿಡುವು ಕೊಟ್ಟಿದ್ದಾನೆ, ಚಾಟಿ ನಿಷೇಧಿಸಿದ್ದಾನೆ, ಧಣಿಗಳು ಮುಚ್ಚಿಟ್ಟಿದ್ದಾರೆ. ಹಾಗಾಗಿ ಎಷ್ಟೋ ಮಂದಿ ರಾಜನ ಹೆಸರಲ್ಲೇ ಹೋರಾಡಿದರು. ಮಕಾಯ ಎಂಬ ನಾಯಕ 1793ರಲ್ಲಿ, ತಾನು ಕಾಂಗೊ, ಫ್ರಾನ್ಸ್, ಸ್ಪೇನ್ ಮೂರೂ ರಾಜರ ಪ್ರಜೆ ಎಂದ. ಬೂಕ್‌ಮನ್ ಸತ್ತ ಮೇಲೆ 1791ರ ಕೊನೆಗೆ ಉಳಿದ ಮುಖಂಡರು, ಕೆಲವು ನಾಯಕರಿಗೆ ಬಿಡುಗಡೆ ಕೊಟ್ಟರೆ ಉಳಿದವರನ್ನು ತೋಟಕ್ಕೆ ವಾಪಸು ಕಳಿಸುತ್ತೇವೆ ಎಂಬಷ್ಟಕ್ಕೂ ಇಳಿದಿದ್ದರು. ಬಿಳಿಯರ ಸಭೆ ಅದನ್ನೂ ತಿರಸ್ಕರಿಸಿತು. ‘ಎಲ್ಲರಿಗೂ ಸ್ವಾತಂತ್ರ್ಯ’ ಎಂಬ ಬೇಡಿಕೆ ಮೊದಲೇ ಬರೆದಿಟ್ಟದ್ದಲ್ಲ. ರಾಜಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ಗಟ್ಟಿಯಾದದ್ದು.

1793ರಲ್ಲಿ ಲೆಕ್ಕ ಬದಲಾಯಿತು. ರಾಜನ ತಲೆ ಉರುಳಿತು, ಬ್ರಿಟನ್ ಮತ್ತು ಸ್ಪೇನ್ ಎರಡೂ ಫ್ರಾನ್ಸಿನ ಮೇಲೆ ಯುದ್ಧಕ್ಕೆ ನಿಂತವು. ದ್ವೀಪದ ಪೂರ್ವ ಭಾಗದಲ್ಲಿದ್ದ ಸ್ಪೇನಿನವರು ದಂಗೆಕೋರರಿಗೆ ಬಂದೂಕು, ಪದವಿ ಕೊಟ್ಟು ತಮ್ಮ ಕಡೆ ಎಳೆದುಕೊಂಡರು. ಫ್ರಾನ್ಸಿನ ಅಧಿಕಾರಿ ಸೋಂತೊನಾಕ್ಸ್ ಬಳಿ ಸೈನ್ಯವಿಲ್ಲ, ಬಿಳಿಯರೇ ಅವನ ಮೇಲೆ ತಿರುಗಿಬಿದ್ದಿದ್ದರು. ಜೂನ್‌ನಲ್ಲಿ ತನ್ನ ಪರ ಹೋರಾಡಿದವರಿಗೆ ಬಿಡುಗಡೆ ಎಂದ. ಆಗಸ್ಟ್ 29ಕ್ಕೆ ಉತ್ತರ ಪ್ರಾಂತ್ಯದಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿದ. ಅವನು ಗುಲಾಮಗಿರಿಯ ವಿರೋಧಿ ಹೌದು, ಆದರೆ ಆ ದಿನ ಕೈ ಹಿಡಿದು ಬರೆಸಿದ್ದು ಬಂಡುಕೋರರ ಬಲ. ಇದನ್ನು ಹೇಳಲು ಸಾಂ ದೊಮಾಂಗ್‌ನಿಂದ ಮೂವರು ಪ್ರತಿನಿಧಿಗಳು ಪ್ಯಾರಿಸ್ಸಿಗೆ ಹೋದರು. ಅವರಲ್ಲಿ ಒಬ್ಬ ಬೆಲ್ಲೆ, ಆಫ್ರಿಕದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾಗಿದ್ದವನು. 1794ರ ಫೆಬ್ರವರಿ 4ರಂದು ಫ್ರಾನ್ಸ್ ತನ್ನ ಎಲ್ಲ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿತು. ಒಡೆಯರಿಗೆ ಬಿಡಿಗಾಸು ಪರಿಹಾರ ಇರಲಿಲ್ಲ. ನಲವತ್ತು ವರ್ಷದ ನಂತರ ಬ್ರಿಟನ್ ಅದೇ ಕೆಲಸಕ್ಕೆ ಒಡೆಯರ ಕೈಗೆ 2 ಕೋಟಿ ಪೌಂಡ್ ಕೊಟ್ಟದ್ದನ್ನು ಇದರ ಪಕ್ಕ ಇಟ್ಟು ನೋಡಬೇಕು. ಒಂದನೇ ಕಲಮು ಹದಿನೇಳನ್ನು ಪೂರ್ತಿ ಸೋಲಿಸಿದ್ದು ಆ ಒಂದು ದಿನ.

ಆದರೆ ಕಾಗದದ ಮೇಲೆ ಮಾತ್ರ ಕೆಲವು ಕಡೆ. ಹಿಂದೂ ಮಹಾಸಾಗರದ ಮಾರಿಷಸ್ಸಿಗೆ ಈ ಕಾಯಿದೆ ಜಾರಿ ಮಾಡಲು 1796ರಲ್ಲಿ ಬಂದ ಇಬ್ಬರು ಪ್ರತಿನಿಧಿಗಳನ್ನು ಅಲ್ಲಿನ ಫ್ರೆಂಚರು ಹಡಗು ಹತ್ತಿಸಿ ಓಡಿಸಿದರು. ಟಿಪ್ಪು ಸುಲ್ತಾನನ ರಾಯಭಾರಿಗಳು ಸೈನ್ಯ ಕೇಳಿಕೊಂಡು 1798ರಲ್ಲಿ ಹೋದದ್ದು ಇದೇ ದ್ವೀಪಕ್ಕೆ, ಆ ಪ್ರತಿನಿಧಿಗಳನ್ನು ಓಡಿಸಿದಾಗ ಇದ್ದ ಅದೇ ಗವರ್ನರ್ ಬಳಿಗೆ. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಸ್ವಾತಂತ್ರ್ಯ ವೃಕ್ಷ ನೆಟ್ಟ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದಕ್ಕೆ ಆಧಾರವಾದ, ಈಸ್ಟ್ ಇಂಡಿಯಾ ಕಂಪನಿ ಪ್ರಕಟಿಸಿದ ಕಾಗದಗಳ ಬಗ್ಗೆ ಇತಿಹಾಸಕಾರರಲ್ಲಿ ಅನುಮಾನವಿದೆ.

ತೂಸಾಂನ ಲೆಕ್ಕ, ರೈತನ ಲೆಕ್ಕ

ದಂಗೆಯ ಮುಖ್ಯ ಸೇನಾನಿಯಾಗಿ ಬೆಳೆದ ತೂಸಾಂ ಲೂವರ್ತ್ಯೂರ್ ಬ್ರೆದಾ ತೋಟದಲ್ಲಿ ಗುಲಾಮನಾಗಿ ಹುಟ್ಟಿ, ಗಾಡಿ ಹೊಡೆದು, ದಂಗೆಗೆ ವರ್ಷಗಳ ಮೊದಲೇ ಬಿಡುಗಡೆ ಪಡೆದಿದ್ದವನು. ಕೆಲಕಾಲ ಗುಲಾಮರ ಸಮೇತ ಒಂದು ಕಾಫಿ ತೋಟವನ್ನು ಗುತ್ತಿಗೆಗೂ ಹಿಡಿದಿದ್ದ. 1794ರಲ್ಲಿ ಸ್ಪೇನಿನ ಪಾಳಯ ಬಿಟ್ಟು ಫ್ರಾನ್ಸಿನ ಕಡೆ ಬಂದ. 1798ರಲ್ಲಿ ಬ್ರಿಟಿಷರನ್ನು ಹೊರಹಾಕಿ, ಎದುರಾಳಿ ರಿಗೊನನ್ನೂ ಸೋಲಿಸಿ, 1801ರಲ್ಲಿ ಸಂವಿಧಾನ ಬರೆಸಿದ. ಈ ನೆಲದಲ್ಲಿ ಗುಲಾಮರು ಇರುವಂತಿಲ್ಲ, ಇಲ್ಲಿ ಮನುಷ್ಯರು ಹುಟ್ಟುವುದೂ ಬಾಳುವುದೂ ಸಾಯುವುದೂ ಸ್ವತಂತ್ರರಾಗಿ, ಫ್ರೆಂಚರಾಗಿ ಎಂದಿತ್ತು ಅದರ ಮೂರನೇ ಕಲಮು. ಅದೇ ಸಂವಿಧಾನ ಅವನನ್ನು ಜೀವಮಾನವಿಡೀ ಗವರ್ನರ್ ಮಾಡಿತು.

ತೊಡಕು ಬಂದದ್ದು ಸಕ್ಕರೆಯಲ್ಲಿ. ಬಂದೂಕು, ಮದ್ದು ಕೊಳ್ಳಲು ರಫ್ತು ಬೇಕು, ರಫ್ತಿಗೆ ದೊಡ್ಡ ತೋಟ ಬೇಕು, ತೋಟಕ್ಕೆ ಆಳು ಬೇಕು. ಆಳುಗಳಿಗೋ, ತಮ್ಮದೇ ತುಂಡು ನೆಲದಲ್ಲಿ ಬಾಳೆ, ಗೆಣಸು ಹಾಕಿಕೊಂಡು ಬದುಕುವುದೇ ಸ್ವಾತಂತ್ರ್ಯ. 1800ರ ಅಕ್ಟೋಬರ್‌ನಲ್ಲಿ ತೂಸಾಂ ಬೇಸಾಯವನ್ನು ಸೈನ್ಯದ ಶಿಸ್ತಿಗೆ ತಂದ. ಚಾಟಿ ಇಲ್ಲ, ಉತ್ಪನ್ನದಲ್ಲಿ ಕಾಲು ಪಾಲು ಕೂಲಿ. ಆದರೆ ತೋಟ ಬಿಟ್ಟು ಹೋಗುವಂತಿಲ್ಲ, ಹೋದರೆ ಸೈನಿಕ ತಪ್ಪಿಗೆ ಸಮನಾದ ಶಿಕ್ಷೆ. ಮುಂದಿನ ಫೆಬ್ರವರಿಯಲ್ಲಿ 50 ಕಾರೋಗಿಂತ, ಅಂದರೆ ಸುಮಾರು 160 ಎಕರೆಗಿಂತ, ಚಿಕ್ಕ ಜಮೀನಿನ ಮಾರಾಟವನ್ನೇ ನಿಷೇಧಿಸಿದ. ಐದಾರು ಜನ ಸೇರಿ ದುಡ್ಡು ಹಾಕಿ ಗುಡ್ಡದ ಬದಿ ನಾಲ್ಕು ಎಕರೆ ಕೊಳ್ಳುವ ದಾರಿಯೂ ಮುಚ್ಚಿತು. ಆ ವರ್ಷ ಉತ್ತರದಲ್ಲಿ ದುಡಿಯುವವರು ದಂಗೆ ಎದ್ದಾಗ, ಅದಕ್ಕೆ ಕುಮ್ಮಕ್ಕು ಕೊಟ್ಟನೆಂದು ತನ್ನ ದತ್ತು ಸೋದರಳಿಯ ಮೊಯೀಸನನ್ನು ಗುಂಡಿಕ್ಕಿಸಿದ.

ಇಷ್ಟು ಬಿಗಿ ಮಾಡಿದರೂ ಸಕ್ಕರೆ ಮೇಲೇಳಲಿಲ್ಲ. 1789ರಲ್ಲಿ ಸುಮಾರು 4.75 ಕೋಟಿ ಪೌಂಡು ಬಿಳಿ ಸಕ್ಕರೆ ರಫ್ತಾಗಿತ್ತು. 1801ರಲ್ಲಿ ಸುಮಾರು 16,500 ಪೌಂಡು, ಇಲ್ಲವೆನ್ನುವಷ್ಟು. ಕಚ್ಚಾ ಸಕ್ಕರೆ 9.3 ಕೋಟಿಯಿಂದ 1.85 ಕೋಟಿ ಪೌಂಡಿಗೆ ಇಳಿಯಿತು. ಕಾಫಿ ಮಾತ್ರ 7.7 ಕೋಟಿಯಿಂದ 4.3 ಕೋಟಿಗೆ ನಿಂತಿತು. ಕಾರಣ ಸರಳ. ಕಾಫಿಗೆ ಗಾಣ ಬೇಡ, ಕೊಪ್ಪರಿಗೆ ಸಾಲು ಬೇಡ, ರಾತ್ರಿಪಾಳಿ ಬೇಡ. ಗುಡ್ಡದ ಇಳಿಜಾರಿನಲ್ಲಿ ಒಂದು ಮನೆಯವರು ಕೊಯ್ದು ಒಣಗಿಸಿ ಮಾರಬಹುದು. ಜೇಡಿಮಣ್ಣಿನ ಬಿಳಿ ಸಕ್ಕರೆಗೆ ಬೇಕಾದಷ್ಟು ಹೊತ್ತು, ಬೇಕಾದ ಗತಿಯಲ್ಲಿ, ಸ್ವತಂತ್ರನಾದವನು ದುಡಿಯಲು ಒಪ್ಪಲಿಲ್ಲ.

ಮಡಕೆಯ ನೀರು, ಹರಿದ ಬಾವುಟ

1801ರ ಕೊನೆಗೆ ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೆರ್‌ನನ್ನು ಸುಮಾರು 20,000 ಸೈನಿಕರ ಮೊದಲ ತಂಡದೊಂದಿಗೆ ಕಳಿಸಿದ. ಗುಲಾಮಗಿರಿ ತರಲು ಬಂದಿಲ್ಲ ಎಂಬ ಆಶ್ವಾಸನೆ ನಂಬಿ ತೂಸಾಂನ ಹಲವು ಸೇನಾನಿಗಳು ಶರಣಾದರು. 1802ರ ಜೂನ್‌ನಲ್ಲಿ ಮಾತುಕತೆಗೆಂದು ಕರೆದು ತೂಸಾಂನನ್ನು ಹಿಡಿದರು. 1803ರ ಏಪ್ರಿಲ್ 7ರಂದು ಫ್ರಾನ್ಸಿನ ಜೂರಾ ಬೆಟ್ಟದ ಕೋಟೆಯ ಚಳಿಯಲ್ಲಿ ಸತ್ತ. ಅವನು ಸೆರೆಯಲ್ಲಿರುವಾಗಲೇ ಕೆರಿಬಿಯನ್ ಸಮುದ್ರದ ಇನ್ನೊಂದು ಫ್ರೆಂಚ್ ವಸಾಹತಾದ ಗ್ವಾದೆಲೂಪ್‌ನಲ್ಲಿ ಗುಲಾಮಗಿರಿ ಮರಳಿ ಬಂದ ಸುದ್ದಿ ದೋಣಿಗಳಲ್ಲಿ ತಲುಪಿತು. ಶರಣಾಗಿದ್ದ ಸೇನಾನಿ ದೆಸಾಲಿನ್, ಲೆಕ್ಲೆರ್ ಜೊತೆಗೇ ಬಂದಿದ್ದ ಪೆತಿಯೋಂ ಎಲ್ಲರೂ ತಿರುಗಿ ನಿಂತರು.

ಹೊಸದಾಗಿ ಬಂದ ಸೈನಿಕರನ್ನು ಹಳದಿ ಜ್ವರ ಕೊಂದಷ್ಟು ಗುಂಡು ಕೊಲ್ಲಲಿಲ್ಲ. ಈ ಜ್ವರ ಹರಡುವ ಸೊಳ್ಳೆ ಮನೆಯ ಸುತ್ತ ನಿಂತ ಶುದ್ಧ ನೀರಿನಲ್ಲಿ ಹುಟ್ಟುತ್ತದೆ; ಸಕ್ಕರೆ ತೋಟಗಳ ಸಾವಿರಾರು ಮಣ್ಣಿನ ಮಡಕೆಗಳಲ್ಲಿ ತುಂಬಿದ ಮಳೆನೀರು ಅದಕ್ಕೆ ತೊಟ್ಟಿಲಾಯಿತೆಂದು ಇತಿಹಾಸಕಾರರು ತೋರಿಸಿದ್ದಾರೆ. ಒಮ್ಮೆ ಬಂದು ಬದುಕಿದವರಿಗೆ ಅದು ಮತ್ತೆ ಬರುವುದಿಲ್ಲ, ಹಾಗಾಗಿ ಊರಿನವರು ಉಳಿದರು. ಮಳೆಗಾಲದವರೆಗೆ ಕಾಯುವುದೇ ಅವರ ಯುದ್ಧತಂತ್ರ. ಲೆಕ್ಲೆರ್ ಕೂಡ 1802ರ ನವೆಂಬರ್‌ನಲ್ಲಿ ಇದೇ ಜ್ವರಕ್ಕೆ ತೀರಿಕೊಂಡ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಕೊನೆಯ ಕಾಳಗ ನಡೆಯಿತು. ಫ್ರೆಂಚ್ ತ್ರಿವರ್ಣದ ಬಿಳಿ ಪಟ್ಟಿಯನ್ನು ಹರಿದೆಸೆದು ನೀಲಿ ಕೆಂಪನ್ನು ಸೇರಿಸಿ ಹೊಲಿದ ಬಾವುಟ, ದ್ವೀಪದ ಮೂಲನಿವಾಸಿ ತೈನೊ ಜನರ ಹಳೆಯ ಹೆಸರು ‘ಹೈಟಿ’: 1804ರ ಜನವರಿ 1ರಂದು ಹೊಸ ದೇಶ ಘೋಷಣೆಯಾಯಿತು.

ಅದರ ಬೆನ್ನಿಗೇ, ಉಳಿದಿದ್ದ ಫ್ರೆಂಚರಲ್ಲಿ ಸಾವಿರಾರು ಜನರನ್ನು ದೆಸಾಲಿನ್ ಕೊಲ್ಲಿಸಿದ. ಇದನ್ನು ಮರೆಮಾಚಿ ಈ ಇತಿಹಾಸ ಬರೆಯಲಾಗದು. 1805ರ ಸಂವಿಧಾನದ 12ನೇ ಕಲಮು ಬಿಳಿಯರು ಒಡೆಯರಾಗಿ ಇಲ್ಲಿ ಕಾಲಿಡುವಂತಿಲ್ಲ, ಆಸ್ತಿ ಮಾಡುವಂತಿಲ್ಲ ಎಂದಿತು. 13ನೆಯದು ಪೌರತ್ವ ಪಡೆದ ಪೋಲೆಂಡಿನವರಿಗೆ, ಜರ್ಮನರಿಗೆ ವಿನಾಯಿತಿ ಕೊಟ್ಟಿತು. 14ನೆಯದರ ಪ್ರಕಾರ ಹೈಟಿಯವರೆಲ್ಲ ಇನ್ನು ಮುಂದೆ ‘ಕರಿಯರು’. ಮೂರನ್ನೂ ಜೋಡಿಸಿ ಓದಿದರೆ ಆ ಪೋಲೆಂಡಿನವರೂ ಕಾನೂನಿನ ಕಣ್ಣಲ್ಲಿ ಕರಿಯರೇ. ಮೈಬಣ್ಣದ ಪದವನ್ನು ಪೌರತ್ವದ ಪದ ಮಾಡಿದ ಇಂಥ ಕಲಮು ಆ ಯುಗದ ಬೇರಾವ ಕ್ರಾಂತಿಗೂ ಹೊಳೆದಿರಲಿಲ್ಲ.

ಬಿಲ್ಲು ಬಂತು

1825ರ ಜುಲೈನಲ್ಲಿ ಹದಿನಾಲ್ಕು ಯುದ್ಧನೌಕೆಗಳ ಬಲದೊಂದಿಗೆ ಹತ್ತನೇ ಶಾರ್ಲ್ ರಾಜನ ಆಜ್ಞೆ ಪೋರ್ಟ್ ಒ ಪ್ರಿನ್ಸ್ ತಲುಪಿತು. ಸ್ವಾತಂತ್ರ್ಯವನ್ನು ‘ದಯಪಾಲಿಸುತ್ತೇವೆ’; ಬದಲಿಗೆ ಫ್ರೆಂಚ್ ಸರಕಿಗೆ ಅರ್ಧ ಸುಂಕ, ಹಿಂದಿನ ಧಣಿಗಳ ನಷ್ಟಕ್ಕೆ ಐದು ವಾರ್ಷಿಕ ಕಂತಿನಲ್ಲಿ 15 ಕೋಟಿ ಫ್ರಾಂಕ್. ಹದಿನೇಳನೇ ಕಲಮಿನ ಪರಿಹಾರವೇ ಇದು, ಆದರೆ ತೀರಿಸಬೇಕಾದವರು ತಿರುವುಮುರುವಾಗಿದ್ದರು. ನಷ್ಟದ ಅಂದಾಜಿನಲ್ಲಿ ತೋಟ, ಗಾಣಗಳ ಜೊತೆ ಗುಲಾಮರೂ ಆಸ್ತಿಯಾಗಿಯೇ ಸೇರಿದ್ದರು. ಹೈಟಿಯ ಅಧ್ಯಕ್ಷ ಬೊಯೆ ಸಹಿ ಹಾಕಿದ.

ಮೊದಲ ಕಂತು 3 ಕೋಟಿ. ಅಷ್ಟು ದುಡ್ಡು ದೇಶದಲ್ಲಿ ಇರಲಿಲ್ಲ. ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ 3 ಕೋಟಿ ಸಾಲ ಎತ್ತಿದರು. ಸಾಲ ಕೊಟ್ಟವರು ತಮ್ಮ ಪಾಲು ಮುರಿದುಕೊಂಡು ಕೈಗಿತ್ತದ್ದು 2.4 ಕೋಟಿ. ಬಡ್ಡಿ ಮಾತ್ರ ಪೂರ್ತಿ ಮೂರಕ್ಕೆ. ಮಿಕ್ಕದ್ದಕ್ಕೆ ಖಜಾನೆ ಗುಡಿಸಿದರು. 1826ರಲ್ಲಿ ಬೊಯೆ ಮತ್ತೆ ರೈತರನ್ನು ತೋಟಕ್ಕೆ ಕಟ್ಟುವ ಗ್ರಾಮೀಣ ಕಾಯಿದೆ ತಂದ. ಜನ ಗುಡ್ಡ ಹತ್ತಿದರು, ಕಾಯಿದೆ ಕಾಗದದಲ್ಲಿ ಉಳಿಯಿತು. 1838ರಲ್ಲಿ ಬಾಕಿಯನ್ನು 6 ಕೋಟಿಗೆ ಇಳಿಸಲಾಯಿತು. ಅದನ್ನು ತೀರಿಸಲು ಸಿಕ್ಕ ಮುಖ್ಯ ಆದಾಯ ಕಾಫಿ ರಫ್ತಿನ ಸುಂಕ, ಅಂದರೆ ಗುಡ್ಡದ ಬದಿಯ ಅದೇ ತುಂಡು ತೋಟದವರು ಕೊಯ್ದು ಒಣಗಿಸಿದ ಕಾಫಿ. ಈ ಸಾಲ ತೀರಿಸಲು ಮಾಡಿದ ಸಾಲ, ಅದನ್ನು ತೀರಿಸಲು ಮತ್ತೊಂದು ಎನ್ನುತ್ತಾ ಹೋಗಿ, ಕೊನೆಯ ಬಾಕಿ ಚುಕ್ತಾ ಆದದ್ದು 1947ರಲ್ಲಿ.